ತಪಸ್ಸುಕಾಲ ಮತ್ತು ದೀಕ್ಷಾರ್ಥಿಗಳು

ತಪಸ್ಸುಕಾಲವು ಕ್ರೈಸ್ತರು ಈಸ್ಟರ್ ಹಬ್ಬಕ್ಕೆ ಮುನ್ನ ಉಪವಾಸ, ಪ್ರಾರ್ಥನೆ ಮತ್ತು ದಾನಗಳ ಮೂಲಕ ಆಚರಿಸುವ ನಲವತ್ತು ದಿನಗಳ ಅವಧಿ. ಕ್ರೈಸ್ತಮತವನ್ನು ಸ್ವೀಕರಿಸಲು ಬಯಸಿ, ಇನ್ನೂ ದೀಕ್ಷಾಸ್ನಾನ ಪಡೆಯದೆ ಶಿಕ್ಷಣದ ಹಂತದಲ್ಲಿರುವವರನ್ನು ದೀಕ್ಷಾರ್ಥಿಗಳು ಎನ್ನಲಾಗುತ್ತದೆ. ತಪಸ್ಸುಕಾಲವನ್ನು ಇಂದು ಸಾಮಾನ್ಯವಾಗಿ ಪಾಪಕ್ಕಾಗಿ ಪಶ್ಚಾತ್ತಾಪಪಡುವ ಕಾಲವೆಂದು ತಿಳಿಯಲಾಗುತ್ತದೆಯಾದರೂ, ನಾಲ್ಕನೆಯ ಶತಮಾನದಲ್ಲಿ ಅದು ಸ್ಪಷ್ಟ ರೂಪ ತಳೆದಾಗ ಹೊಸಬರನ್ನು ಸಭೆಯೊಳಕ್ಕೆ ಸೇರಿಸಿಕೊಳ್ಳುವ ಅಂತಿಮ ಸಿದ್ಧತೆಯೂ ಅದರ ಮುಖ್ಯ ಕಾರ್ಯವಾಗಿತ್ತು. ಮಧ್ಯಯುಗದಲ್ಲಿ ಬಹುಮಟ್ಟಿಗೆ ಮರೆಯಾದ ಈ ಸಂಬಂಧವನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೋಮನ್ ಕಥೋಲಿಕ ಧರ್ಮಸಭೆಯು ಮತ್ತೆ ಆಚರಣೆಗೆ ತಂದಿತು.

ಹೆಸರು ಮತ್ತು ಅವಧಿ

ಕರ್ನಾಟಕದ ಕನ್ನಡ ಕಥೋಲಿಕರಲ್ಲಿ 'ತಪಸ್ಸುಕಾಲ' ಎಂಬ ಪದ ರೂಢಿಯಲ್ಲಿದೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ 'ಲೆಂಟ್' ಎಂಬ ಇಂಗ್ಲಿಷ್ ಪದವೂ ಬಳಕೆಯಲ್ಲಿದೆ. ಇದು ವಸಂತಕಾಲ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದದಿಂದ ಬಂದುದು. ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಹೆಸರುಗಳು 'ನಲವತ್ತು' ಎಂಬ ಸಂಖ್ಯೆಯನ್ನೇ ಸೂಚಿಸುತ್ತವೆ. ಯೇಸುಕ್ರಿಸ್ತನು ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದನೆಂಬ ಶುಭಸಂದೇಶದ ವೃತ್ತಾಂತ ಈ ಸಂಖ್ಯೆಗೆ ಆಧಾರ. ಕೇರಳ ಮೂಲದ ಸಿರಿಯನ್ ಕ್ರೈಸ್ತರು ಇದನ್ನು 'ನೋಂಬು' ಎನ್ನುತ್ತಾರೆ. ಬೆಳ್ತಂಗಡಿ, ಭದ್ರಾವತಿ ಮತ್ತು ಮಂಡ್ಯಗಳಲ್ಲಿ ಸಿರೊ-ಮಲಬಾರ್ ಧರ್ಮಪ್ರಾಂತ್ಯಗಳಿರುವುದರಿಂದ ಕರ್ನಾಟಕದಲ್ಲಿಯೂ ಈ ಪದ ಕೇಳಿಬರುತ್ತದೆ.

ರೋಮನ್ ಸಂಪ್ರದಾಯದಲ್ಲಿ ವಿಭೂತಿ ಬುಧವಾರದಿಂದ ಈಸ್ಟರ್‌ನ ಹಿಂದಿನ ಶನಿವಾರದವರೆಗೆ ಒಟ್ಟು 46 ದಿನಗಳಾಗುತ್ತವೆ. ಭಾನುವಾರ ಪುನರುತ್ಥಾನದ ದಿನವಾದುದರಿಂದ ಅಂದು ಉಪವಾಸವಿಲ್ಲ. ಆರು ಭಾನುವಾರಗಳನ್ನು ಕಳೆದರೆ ನಲವತ್ತು ಉಳಿಯುತ್ತದೆ. ಇಟಲಿಯ ಮಿಲಾನ್ ನಗರದ ಆಂಬ್ರೋಸಿಯನ್ ಸಂಪ್ರದಾಯದಲ್ಲಿ ಇಂದಿಗೂ ಈ ಕಾಲವು ಬುಧವಾರದಂದು ಆರಂಭವಾಗದೆ ಮೊದಲ ಭಾನುವಾರದಿಂದ ಆರಂಭವಾಗುತ್ತದೆ. ಪೂರ್ವದ ಸಂಪ್ರದಾಯಗಳಲ್ಲಿ ಆರಂಭ ಸೋಮವಾರದಂದು.

ಹೊಸಬರೊಂದಿಗೆ ಉಪವಾಸ

ನಲವತ್ತು ದಿನಗಳ ಅವಧಿ ನಿಗದಿಯಾಗುವುದಕ್ಕೆ ಬಹಳ ಮೊದಲೇ ದೀಕ್ಷಾಸ್ನಾನಕ್ಕೂ ಉಪವಾಸಕ್ಕೂ ನಂಟಿತ್ತು. ಕ್ರೈಸ್ತರ ಅತ್ಯಂತ ಹಳೆಯ ಕೈಪಿಡಿಗಳಲ್ಲಿ ಒಂದಾದ 'ದಿದಾಖೆ' ಎಂಬ ಗ್ರಂಥವು ದೀಕ್ಷೆ ಪಡೆಯುವವನು ಒಂದೆರಡು ದಿನ ಮುಂಚಿತವಾಗಿ ಉಪವಾಸವಿರಬೇಕೆಂದು ವಿಧಿಸುತ್ತದೆ. ದೀಕ್ಷೆ ನೀಡುವವನೂ, ಸಾಧ್ಯವಿರುವ ಇತರರೂ ಅವನೊಡನೆ ಉಪವಾಸವಿರಬೇಕೆಂದು ಹೇಳುತ್ತದೆ. ಎರಡನೆಯ ಶತಮಾನದ ಮಧ್ಯಭಾಗದಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬ ಲೇಖಕನೂ ಸಭೆಯವರು ಹೊಸಬರ ಜೊತೆಗೂಡಿ ಉಪವಾಸ ಮತ್ತು ಪ್ರಾರ್ಥನೆ ನಡೆಸುತ್ತಿದ್ದರೆಂದು ದಾಖಲಿಸಿದ್ದಾನೆ. ಹೊಸಬರನ್ನು ಬರಮಾಡಿಕೊಳ್ಳುವುದೆಂದರೆ ಅವರಿಗೆ ಆಸನ ತೋರಿಸುವುದಷ್ಟೇ ಆಗಿರಲಿಲ್ಲ. ಅವರ ಹಸಿವಿನಲ್ಲಿ ಪಾಲುಗೊಳ್ಳುವುದೂ ಆಗಿತ್ತು.

ರೋಮಿನ ಹಿಪ್ಪೊಲಿಟಸ್‌ನದೆಂದು ಬಹುಕಾಲ ಹೇಳಲಾಗುತ್ತಿದ್ದ, ಕಾಲ ಮತ್ತು ಕರ್ತೃತ್ವಗಳು ಚರ್ಚೆಯಲ್ಲಿರುವ 'ಅಪೊಸ್ತಲರ ಸಂಪ್ರದಾಯ' ಎಂಬ ಗ್ರಂಥವು ಇನ್ನಷ್ಟು ಕಠಿಣವಾದ ಕ್ರಮವನ್ನು ವಿವರಿಸುತ್ತದೆ. ಅದರಂತೆ ಹೊಸಬನನ್ನು ಕರೆತಂದವರೇ ಅವನ ಪರವಾಗಿ ಸಾಕ್ಷಿ ನುಡಿಯಬೇಕು. ಅವನ ಉದ್ಯೋಗವನ್ನು ವಿಚಾರಿಸಲಾಗುತ್ತದೆ: ಗ್ಲಾಡಿಯೇಟರ್ ಆಗಿರುವವನೂ, ವಿಗ್ರಹಾಲಯದ ಅರ್ಚಕನೂ ಆ ವೃತ್ತಿಯನ್ನು ಬಿಡಬೇಕು; ಸೈನಿಕನು ಕೊಲ್ಲಬಾರದು. ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯನು ಆ ಕೆಲಸವನ್ನು ಬಿಡುವುದು ಲೇಸು, ಆದರೆ ಬೇರೆ ಕಸುಬು ತಿಳಿಯದಿದ್ದರೆ ಮುಂದುವರಿಸಬಹುದು ಎಂಬ ರಿಯಾಯಿತಿ ಗಮನಾರ್ಹವಾದುದು. ಆ ಕಾಲದ ಪಾಠಗಳಲ್ಲಿ ದೇವದೇವತೆಗಳ ಕಥೆಗಳೇ ತುಂಬಿದ್ದುದು ಈ ಹಿಂಜರಿಕೆಗೆ ಕಾರಣ. ಕಲಿಕೆಯ ಅವಧಿ ಮೂರು ವರ್ಷ. ಆದರೂ ಕಾಲಕ್ಕಿಂತ ನಡತೆಯೇ ಮುಖ್ಯವೆಂದು ಗ್ರಂಥ ಹೇಳುತ್ತದೆ. ಕೊನೆಯ ವಿಚಾರಣೆಯಲ್ಲಿ ಕೇಳಲಾಗುತ್ತಿದ್ದುದು ಸಿದ್ಧಾಂತದ ಪ್ರಶ್ನೆಗಳನ್ನಲ್ಲ; ವಿಧವೆಯರನ್ನು ಗೌರವಿಸಿದನೇ, ರೋಗಿಗಳನ್ನು ಕಂಡುಬಂದನೇ ಎಂಬಂಥವನ್ನು.

ನಾಲ್ಕನೆಯ ಶತಮಾನದ ಜೆರುಸಲೇಮ್

ರೋಮನ್ ಸಾಮ್ರಾಜ್ಯದಲ್ಲಿ ಕ್ರೈಸ್ತಮತಕ್ಕೆ ಮಾನ್ಯತೆ ದೊರೆತ ಬಳಿಕ ಸಭೆಯ ಬಾಗಿಲಿಗೆ ಬರುವವರ ಸಂಖ್ಯೆ ಹೆಚ್ಚಿತು, ಬರುವವರ ಉದ್ದೇಶಗಳೂ ಬೆರಕೆಯಾದವು. ಕ್ರಿ.ಶ. 325ರ ನಿಸೇಯ ಮಹಾಸಭೆಯ ಐದನೆಯ ನಿಯಮದಲ್ಲಿ 'ನಲವತ್ತರ ಕಾಲ'ದ ಉಲ್ಲೇಖವಿದೆ. ಅದೇ ಮಹಾಸಭೆಯ ಎರಡನೆಯ ನಿಯಮವು, ನಿನ್ನೆಮೊನ್ನೆ ದೀಕ್ಷೆ ಪಡೆದವರನ್ನು ಆತುರದಿಂದ ಗುರುಗಳನ್ನಾಗಿಯೋ ಬಿಷಪ್‌ಗಳನ್ನಾಗಿಯೋ ಮಾಡಬಾರದೆಂದು ತಡೆಯುತ್ತದೆ. ತಪಸ್ಸುಕಾಲವು ದೀಕ್ಷಾರ್ಥಿಗಳ ಸಿದ್ಧತೆಯಿಂದಲೇ ಹುಟ್ಟಿತೆಂಬ ಹಳೆಯ ಅಭಿಪ್ರಾಯವನ್ನು ಇಂದಿನ ವಿದ್ವಾಂಸರು ಪೂರ್ಣವಾಗಿ ಒಪ್ಪುವುದಿಲ್ಲ. ಬೇರೆ ಬೇರೆ ಪ್ರದೇಶಗಳ ಉಪವಾಸಗಳು ಕೂಡಿಕೊಂಡು ಅದು ರೂಪುಗೊಂಡಿತೆಂದು ಥಾಮಸ್ ಟ್ಯಾಲಿ ಮೊದಲಾದವರು ವಾದಿಸಿದ್ದಾರೆ. ಆದರೆ ನಾಲ್ಕನೆಯ ಶತಮಾನದ ಉತ್ತರಾರ್ಧದ ಹೊತ್ತಿಗೆ ಇವೆರಡೂ ಒಂದಾಗಿದ್ದವೆಂಬುದಕ್ಕೆ ಜೆರುಸಲೇಮಿನಿಂದ ಉತ್ತಮ ಸಾಕ್ಷ್ಯ ದೊರೆತಿದೆ.

ಈ ಸಾಕ್ಷ್ಯ ನೀಡಿದವಳು ಎಜೀರಿಯಾ ಎಂಬ ಯಾತ್ರಿಕಳು. ಸಾಮ್ರಾಜ್ಯದ ಪಶ್ಚಿಮ ಭಾಗದಿಂದ ಬಂದು ಸುಮಾರು 381ರಿಂದ 384ರವರೆಗೆ ಪವಿತ್ರನಾಡಿನಲ್ಲಿ ಸಂಚರಿಸಿದ ಆಕೆ, ತಾನು ಕಂಡದ್ದನ್ನು ಊರಿನ ಸೋದರಿಯರಿಗೆ ಬರೆದು ತಿಳಿಸಿದಳು. ಈ ಬರಹದ ಉಳಿದ ಭಾಗ 1884ರಲ್ಲಿ ಇಟಲಿಯ ಅರೆಝೊ ನಗರದಲ್ಲಿ ಪತ್ತೆಯಾಯಿತು. ಅದರ ಪ್ರಕಾರ ದೀಕ್ಷೆ ಬಯಸುವವರು ತಪಸ್ಸುಕಾಲದ ಆರಂಭಕ್ಕೆ ಮೊದಲೇ ಹೆಸರು ಕೊಡುತ್ತಿದ್ದರು. ಮೊದಲ ದಿನ ಬಿಷಪರ ಪೀಠವನ್ನು ಮಹಾದೇವಾಲಯದ ನಡುವೆ ಇರಿಸಿ, ಒಬ್ಬೊಬ್ಬರನ್ನಾಗಿ ಎದುರಿಗೆ ಕರೆತರಲಾಗುತ್ತಿತ್ತು. ಗಂಡಸರ ಜೊತೆ ಅವರ 'ತಂದೆಯರು', ಹೆಂಗಸರ ಜೊತೆ 'ತಾಯಂದಿರು' ಬರುತ್ತಿದ್ದರು; ಇವರು ಇಂದಿನ ಜ್ಞಾನಪಿತರು ಮತ್ತು ಜ್ಞಾನಮಾತೆಯರ ಪೂರ್ವರೂಪ. ಬಿಷಪರು ಪ್ರಶ್ನೆ ಕೇಳುತ್ತಿದ್ದುದು ಅಭ್ಯರ್ಥಿಯ ನೆರೆಹೊರೆಯವರನ್ನು: ಈತ ಒಳ್ಳೆಯ ಬಾಳು ಬಾಳುತ್ತಿದ್ದಾನೆಯೇ, ತಂದೆತಾಯಿಗಳನ್ನು ಗೌರವಿಸುತ್ತಾನೆಯೇ, ಕುಡುಕನೋ ಸುಳ್ಳುಗಾರನೋ ಅಲ್ಲವಷ್ಟೇ? ಸಾಕ್ಷ್ಯ ಚೆನ್ನಾಗಿದ್ದರೆ ಬಿಷಪರು ತಮ್ಮ ಕೈಯಿಂದಲೇ ಹೆಸರು ಬರೆದುಕೊಳ್ಳುತ್ತಿದ್ದರು. ಇಲ್ಲದಿದ್ದರೆ ಹೊರಹೋಗಿ ತಿದ್ದಿಕೊಂಡು ಬರುವಂತೆ ಹೇಳುತ್ತಿದ್ದರು.

ಪರಿಚಿತರ ಸಾಕ್ಷ್ಯವಿಲ್ಲದ ಪರಸ್ಥಳದವರಿಗೆ ದೀಕ್ಷೆ ಅಷ್ಟು ಸುಲಭವಾಗಿ ದೊರೆಯುವುದಿಲ್ಲವೆಂದು ಎಜೀರಿಯಾ ಸೇರಿಸುತ್ತಾಳೆ. ಲೋಕದ ನಾನಾ ಕಡೆಗಳಿಂದ ಯಾತ್ರಿಕರು ಬರುತ್ತಿದ್ದ ನಗರದಲ್ಲಿ ಈ ಕ್ರಮ ಕೆಲವರನ್ನು ಹೊರಗೇ ಉಳಿಸಿರಬೇಕು. ಆದರೆ ಒಳಗೆ ಬಂದವರ ವಿಷಯದಲ್ಲಿ ಅದೇ ಸಭೆ ತೋರುತ್ತಿದ್ದ ಕಾಳಜಿಯನ್ನೂ ಆಕೆ ವರ್ಣಿಸಿದ್ದಾಳೆ. ಬಿಷಪರು ದಿನವೂ ಬೆಳಿಗ್ಗೆ ಮೂರು ಗಂಟೆಗಳ ಕಾಲ ಬೈಬಲ್ಲನ್ನು ಆದಿಕಾಂಡದಿಂದ ಆರಂಭಿಸಿ ವಿವರಿಸುತ್ತಿದ್ದರು. ಮೊದಲು ಅಕ್ಷರಶಃ ಅರ್ಥ, ನಂತರ ಆಧ್ಯಾತ್ಮಿಕ ಅರ್ಥ. ಐದು ವಾರಗಳಾದ ಮೇಲೆ ವಿಶ್ವಾಸ ಪ್ರಮಾಣದ ಪಾಠ ಆರಂಭವಾಗುತ್ತಿತ್ತು. ಕಲಿತವರು ಕೊನೆಯಲ್ಲಿ ಅದನ್ನು ಬಿಷಪರ ಮುಂದೆ ಒಪ್ಪಿಸಬೇಕಿತ್ತು. ಅಲ್ಲಿನ ಆರಾಧನೆಯ ಭಾಷೆ ಗ್ರೀಕ್. ಬಿಷಪರಿಗೆ ಸಿರಿಯಾಕ್ ತಿಳಿದಿದ್ದರೂ ಅವರು ಗ್ರೀಕಿನಲ್ಲಿಯೇ ಮಾತನಾಡುತ್ತಿದ್ದುದರಿಂದ, ಒಬ್ಬ ಗುರು ಪಕ್ಕದಲ್ಲಿ ನಿಂತು ಸಿರಿಯಾಕ್ ಮಾತಿನ ಜನರಿಗೆ ಅನುವಾದಿಸುತ್ತಿದ್ದರು. ಲ್ಯಾಟಿನ್ ಮಾತ್ರ ಬಲ್ಲವರಿಗೆ ಎರಡೂ ಭಾಷೆ ಬಲ್ಲ ಸೋದರ ಸೋದರಿಯರು ತಿಳಿಸಿ ಹೇಳುತ್ತಿದ್ದರು.

ಸುಮಾರು 350ರ ವೇಳೆಗೆ ಇದೇ ನಗರದಲ್ಲಿ ಸಿರಿಲ್ ನೀಡಿದ ಪಾಠಗಳು ಉಳಿದುಬಂದಿವೆ: ಒಂದು ಪೀಠಿಕೆ ಮತ್ತು ಹದಿನೆಂಟು ಉಪನ್ಯಾಸಗಳು. ದೀಕ್ಷೆಯ ನಂತರದ ಐದು ಉಪನ್ಯಾಸಗಳೂ ಅವರ ಹೆಸರಿನಲ್ಲಿವೆ. ಅವು ಅವರ ಉತ್ತರಾಧಿಕಾರಿ ಜಾನ್‌ನವು ಎಂಬ ಅಭಿಪ್ರಾಯವೂ ಇದೆ. ಪೀಠಿಕೆಯಲ್ಲಿ ಸಿರಿಲ್ ಒಂದು ಸೂಕ್ಷ್ಮ ವಿಷಯವನ್ನು ಎತ್ತಿಕೊಳ್ಳುತ್ತಾರೆ. ಹೆಣ್ಣೊಬ್ಬಳನ್ನು ಒಲಿಸಿಕೊಳ್ಳಲು ಬಂದವನಿರಬಹುದು, ಒಡೆಯನನ್ನು ಮೆಚ್ಚಿಸಲು ಬಂದ ಗುಲಾಮನಿರಬಹುದು, ಗೆಳೆಯನ ಒತ್ತಾಯಕ್ಕೆ ಬಂದವನೂ ಇರಬಹುದು. ಅಂಥವರನ್ನು ಅವರು ಓಡಿಸುವುದಿಲ್ಲ. ಆ ಕಾರಣವನ್ನು ಗಾಳದ ಎರೆಯಂತೆ ತಾನು ಸ್ವೀಕರಿಸುವುದಾಗಿಯೂ, ಬಂದ ಉದ್ದೇಶ ಸರಿಯಿಲ್ಲದಿದ್ದರೂ ಇನ್ನು ಮುಂದೆ ಅದನ್ನು ಸರಿಪಡಿಸಿಕೊಳ್ಳಲು ಅವಕಾಶವಿದೆಯೆಂದೂ ಹೇಳುತ್ತಾರೆ. ನಲವತ್ತು ದಿನಗಳ ಕಾಲಾವಕಾಶ ಇರುವುದೇ ಇದಕ್ಕೆಂಬುದು ಅವರ ನಿಲುವು.

ಮಿಲಾನ್, ಹಿಪ್ಪೊ ಮತ್ತು ತಡವಾಗುವ ದೀಕ್ಷೆ

ಆ ಶತಮಾನದಲ್ಲಿ ಬಹಳ ಮಂದಿ ದೀಕ್ಷಾರ್ಥಿಗಳಾಗಿ ಸೇರಿಯೂ ವರ್ಷಾನುಗಟ್ಟಲೆ ದೀಕ್ಷೆಯನ್ನು ಮುಂದೂಡುತ್ತಿದ್ದರು. ದೀಕ್ಷೆಯ ನಂತರ ಮಾಡಿದ ಘೋರ ಪಾಪಕ್ಕೆ ಕಠಿಣವಾದ ಬಹಿರಂಗ ಪ್ರಾಯಶ್ಚಿತ್ತವಿದ್ದುದು ಈ ಹಿಂಜರಿಕೆಯ ಮುಖ್ಯ ಕಾರಣ. ಚಕ್ರವರ್ತಿ ಕಾನ್‌ಸ್ಟಂಟೈನ್ 337ರಲ್ಲಿ ಮರಣಶಯ್ಯೆಯಲ್ಲಿ ದೀಕ್ಷೆ ಪಡೆದನು. ಎರಡನೆಯ ವ್ಯಾಲೆಂಟಿನಿಯನ್ 392ರಲ್ಲಿ ದೀಕ್ಷೆ ಪಡೆಯದೆಯೇ ಸತ್ತಾಗ, ಮಿಲಾನಿನ ಬಿಷಪ್ ಆಂಬ್ರೋಸ್ ತಮ್ಮ ಅಂತ್ಯಸಂಸ್ಕಾರದ ಭಾಷಣದಲ್ಲಿ, ಆತನ ಬಯಕೆಯೇ ದೇವರಿಗೆ ಸಾಕು ಎಂಬರ್ಥದ ಸಾಂತ್ವನ ಹೇಳಿದರು.

ಅಗಸ್ಟೀನ್ ಕೂಡ ಶೈಶವದಲ್ಲಿಯೇ ದೀಕ್ಷಾರ್ಥಿಯಾಗಿ ಗುರುತಿಸಲ್ಪಟ್ಟು, ಮೂವತ್ತೆರಡು ದಾಟಿದ ಮೇಲೆ ದೀಕ್ಷೆ ಪಡೆದವರು. ಅವರು 387ರ ತಪಸ್ಸುಕಾಲದಲ್ಲಿ ಮಿಲಾನಿನಲ್ಲಿ ಹೆಸರು ನೋಂದಾಯಿಸಿ, ಈಸ್ಟರ್ ರಾತ್ರಿ ಮಗ ಅದೆಯೊದಾತುಸ್ ಮತ್ತು ಗೆಳೆಯ ಅಲಿಪಿಯುಸ್ ಜೊತೆ ಆಂಬ್ರೋಸರ ಕೈಯಿಂದ ದೀಕ್ಷಾಸ್ನಾನ ಪಡೆದರು. ಮುಂದೆ ಉತ್ತರ ಆಫ್ರಿಕಾದ ಹಿಪ್ಪೊದಲ್ಲಿ ಬಿಷಪರಾಗಿದ್ದಾಗ, ಸುಮಾರು 400ರಲ್ಲಿ, ಹೊಸಬರಿಗೆ ಪಾಠ ಹೇಳುವ ಬಗೆ ಕುರಿತು ಒಂದು ಚಿಕ್ಕ ಪುಸ್ತಕ ಬರೆದರು. ಹೇಳಿದ್ದನ್ನೇ ಹೇಳಿ ತನಗೆ ಬೇಸರವಾಗಿದೆಯೆಂದು ಕಾರ್ತೇಜಿನ ದೆಯೊಗ್ರಾತಿಯಾಸ್ ಎಂಬ ಸೇವಕಗುರು ತೋಡಿಕೊಂಡಿದ್ದಕ್ಕೆ ಅದು ಉತ್ತರ. ಕಲಿಸುವವನ ಉಲ್ಲಾಸವೇ ಕಲಿಕೆಯ ಅರ್ಧ ಭಾಗವೆಂಬುದು ಅದರ ತಿರುಳು. ಬಂದವನು ಯಾವ ಕಾರಣಕ್ಕೆ ಬಂದನೆಂದು ವಿಚಾರಿಸಬೇಕು. ಅವನು ಸುಳ್ಳು ಹೇಳಿದರೂ ಆ ಸುಳ್ಳನ್ನೇ ಮಾತಿನ ಆರಂಭವಾಗಿ ಬಳಸಿಕೊಳ್ಳಬಹುದು. ಓದುಬಲ್ಲವನಿಗೂ ಹಳ್ಳಿಗನಿಗೂ ಒಂದೇ ಪಾಠ ಹೇಳಬಾರದು. ನಿಂತು ಕೇಳುತ್ತ ದಣಿದವನಿಗೆ ಕುಳಿತುಕೊಳ್ಳಲು ಆಸನ ಕೊಡಬೇಕು. ಜನರು ನಿಂತೇ ಪ್ರವಚನ ಕೇಳುತ್ತಿದ್ದ ಆಫ್ರಿಕಾದಲ್ಲಿ ಈ ಸಲಹೆ ರೂಢಿಗೆ ವಿರುದ್ಧವಾದುದು.

ಮರೆಯಾದ ಕ್ರಮ

ಶಿಶುದೀಕ್ಷೆ ಸಾರ್ವತ್ರಿಕವಾದಂತೆ ವಯಸ್ಕ ದೀಕ್ಷಾರ್ಥಿಗಳು ಯುರೋಪಿನಲ್ಲಿ ಅಪರೂಪವಾದರು. ಅವರಿಗಾಗಿದ್ದ ವಾರಗಟ್ಟಲೆಯ ವಿಧಿಗಳು ಕುಗ್ಗಿ, ಮಗುವನ್ನು ದೇವಾಲಯದ ಬಾಗಿಲಲ್ಲಿ ಎದುರುಗೊಳ್ಳುವುದು, ನಾಲಗೆಗೆ ಉಪ್ಪು ಮುಟ್ಟಿಸುವುದು ಮುಂತಾದ ಕೆಲವು ನಿಮಿಷಗಳ ಕ್ರಿಯೆಗಳಾಗಿ ಉಳಿದವು. ತಪಸ್ಸುಕಾಲದಲ್ಲಿ ಪ್ರಾಯಶ್ಚಿತ್ತದ ಅಂಶವೇ ಮುಂದಾಯಿತು. ಮೊದಲು ಬಹಿರಂಗ ಪ್ರಾಯಶ್ಚಿತ್ತಕ್ಕೆ ಒಳಗಾದವರಿಗೆ ಮಾತ್ರ ಹಚ್ಚುತ್ತಿದ್ದ ಬೂದಿಯನ್ನು ಎಲ್ಲರಿಗೂ ಹಚ್ಚುವ ಪದ್ಧತಿ ಹರಡಿತು. 1091ರಲ್ಲಿ ಬೆನೆವೆಂಟೊದಲ್ಲಿ ಎರಡನೆಯ ಅರ್ಬನ್ ಪೋಪರ ಅಧ್ಯಕ್ಷತೆಯ ಸಭೆ ಅದನ್ನು ವಿಧಿಸಿತು. ಈಸ್ಟರ್ ರಾತ್ರಿಯ ಜಾಗರಣೆಯು ಹಿಂದೆ ಸರಿಯುತ್ತ ಶನಿವಾರ ಬೆಳಗಿನ, ಜನರಿಲ್ಲದ ಆಚರಣೆಯಾಯಿತು.

ಹದಿನಾರನೆಯ ಶತಮಾನದ ಮಿಷನರಿಗಳು ಏಷ್ಯಾ ಮತ್ತು ಅಮೆರಿಕಗಳಲ್ಲಿ ಮತ್ತೆ ವಯಸ್ಕರಿಗೆ ದೀಕ್ಷೆ ನೀಡತೊಡಗಿದಾಗ ಹಳೆಯ ಕ್ರಮ ಅವರ ಕೈಯಲ್ಲಿರಲಿಲ್ಲ. ಭಾರತದ ಆಗ್ನೇಯ ಕರಾವಳಿಯ ಮೀನುಗಾರರಿಗೆ ಕೆಲವು ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸಿ, ಕೈ ಸೋಲುವಷ್ಟು ಮಂದಿಗೆ ದೀಕ್ಷೆ ನೀಡಿದುದಾಗಿ ಫ್ರಾನ್ಸಿಸ್ ಕ್ಸೇವಿಯರ್ 1544ರ ಪತ್ರದಲ್ಲಿ ಬರೆದಿದ್ದಾರೆ. ಈ ಆತುರಕ್ಕೆ ಪ್ರತಿಯಾಗಿ, 1868ರಲ್ಲಿ ಆಫ್ರಿಕಾ ಮಿಷನರಿಗಳ ಸಂಘವನ್ನು ಸ್ಥಾಪಿಸಿದ ಲಾವಿಜೆರಿ, ತಮ್ಮವರು ಹಲವು ವರ್ಷಗಳ ಹಂತಹಂತದ ತರಬೇತಿಯ ನಂತರವೇ ದೀಕ್ಷೆ ನೀಡಬೇಕೆಂದು ನಿಯಮಿಸಿದರು.

ಪೂರ್ವದ ಸಂಪ್ರದಾಯದಲ್ಲಿ ಮಾತ್ರ ಹಳೆಯ ಮಾತುಗಳು ಉಳಿದುಕೊಂಡವು. ಸಂತ ಜಾನ್ ಕ್ರಿಸೊಸ್ತೊಮ್ ಹೆಸರಿನ ಬೈಜಾಂಟಿನ್ ಆರಾಧನಾಕ್ರಮದಲ್ಲಿ ದೀಕ್ಷಾರ್ಥಿಗಳಿಗೆ ಹೊರಡಲು ಹೇಳುವ ಘೋಷಣೆ ಇಂದಿಗೂ ಇದೆ. ತಪಸ್ಸುಕಾಲದ ನಡುಭಾಗದಿಂದ, ದೀಕ್ಷೆಗೆ ಸಿದ್ಧರಾಗುತ್ತಿರುವವರಿಗಾಗಿ ಪ್ರತ್ಯೇಕ ಪ್ರಾರ್ಥನೆಯೂ ಸೇರುತ್ತದೆ. ಬಹುತೇಕ ಕಡೆ ಹೊರಹೋಗಲು ಯಾರೂ ಇಲ್ಲದಿದ್ದರೂ ಪ್ರಾರ್ಥನೆ ನಿಂತಿಲ್ಲ.

ಇಪ್ಪತ್ತನೆಯ ಶತಮಾನದ ಪುನರುಜ್ಜೀವನ

ಹನ್ನೆರಡನೆಯ ಪಿಯುಸ್ ಪೋಪರು 1951ರಲ್ಲಿ ಪ್ರಾಯೋಗಿಕವಾಗಿ, 1955ರ ಸುಧಾರಣೆಯ ಮೂಲಕ ಶಾಶ್ವತವಾಗಿ ಈಸ್ಟರ್ ಜಾಗರಣೆಯನ್ನು ರಾತ್ರಿಗೆ ಮರಳಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ಆರಾಧನಾ ಸಂವಿಧಾನದ 64ನೆಯ ಪರಿಚ್ಛೇದದಲ್ಲಿ ಹಂತಗಳುಳ್ಳ ದೀಕ್ಷಾರ್ಥಿ ವ್ಯವಸ್ಥೆಯನ್ನು ಮತ್ತೆ ಜಾರಿಗೆ ತರಬೇಕೆಂದು ನಿರ್ದೇಶಿಸಿತು. ಅದರ 109ನೆಯ ಪರಿಚ್ಛೇದವು ತಪಸ್ಸುಕಾಲಕ್ಕೆ ದೀಕ್ಷೆ ಮತ್ತು ಪ್ರಾಯಶ್ಚಿತ್ತ ಎಂಬ ಎರಡು ಮುಖಗಳಿವೆಯೆಂದು ಸ್ಪಷ್ಟಪಡಿಸಿತು. ವಯಸ್ಕರ ಪ್ರವೇಶವಿಧಿಯ ಹೊಸ ಗ್ರಂಥ 1972ರ ಜನವರಿ 6ರಂದು ಹೊರಬಂದಿತು.

ಈ ವಿಧಿಯಲ್ಲಿ ವಿಚಾರಿಸಲು ಬಂದವರನ್ನು ಮೊದಲು ದೀಕ್ಷಾರ್ಥಿಗಳಾಗಿ ಸೇರಿಸಿಕೊಳ್ಳಲಾಗುತ್ತದೆ. ಆಗ ಅವರ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಲಾಗುತ್ತದೆ. ತಿಂಗಳುಗಳ ಅಥವಾ ವರ್ಷಗಳ ಕಲಿಕೆಯ ಬಳಿಕ, ತಪಸ್ಸುಕಾಲದ ಮೊದಲ ಭಾನುವಾರದ ಸುಮಾರಿಗೆ ಬಿಷಪರು ಅಥವಾ ಅವರ ಪ್ರತಿನಿಧಿ ಅವರನ್ನು 'ಆಯ್ಕೆಯಾದವರು' ಎಂದು ಘೋಷಿಸುತ್ತಾರೆ, ಅವರ ಹೆಸರುಗಳನ್ನು ಪುಸ್ತಕದಲ್ಲಿ ದಾಖಲಿಸಲಾಗುತ್ತದೆ. ಮೂರು, ನಾಲ್ಕು ಮತ್ತು ಐದನೆಯ ಭಾನುವಾರಗಳಲ್ಲಿ ಅವರಿಗಾಗಿ ವಿಶೇಷ ಪ್ರಾರ್ಥನೆಗಳು ನಡೆಯುತ್ತವೆ. ಅಂದು ಓದುವ ಯೋಹಾನನ ಶುಭಸಂದೇಶದ ಮೂರು ಭಾಗಗಳು ಪುರಾತನ ಕಾಲದಿಂದ ಈ ಸಿದ್ಧತೆಗೆ ಸೇರಿದವು: ಬಾವಿಯ ಬಳಿ ನೀರು ಕೇಳಿಸಿಕೊಂಡ ಸಮಾರ್ಯದ ಹೆಂಗಸು, ಕಣ್ಣು ಪಡೆದ ಹುಟ್ಟುಕುರುಡ, ಸಮಾಧಿಯಿಂದ ಎದ್ದ ಲಾಜರ. ಮೂವರಲ್ಲಿ ಮೊದಲಿಬ್ಬರೂ ತಮ್ಮ ಸುತ್ತಲಿನ ಧಾರ್ಮಿಕ ಸಮಾಜ ಹೊರಗಿಟ್ಟಿದ್ದವರು ಎಂಬುದನ್ನು ವ್ಯಾಖ್ಯಾನಕಾರರು ಗಮನಿಸಿದ್ದಾರೆ. ವಿಶ್ವಾಸ ಪ್ರಮಾಣವನ್ನೂ ಪ್ರಭು ಕಲಿಸಿದ ಪ್ರಾರ್ಥನೆಯನ್ನೂ ಈ ವಾರಗಳಲ್ಲಿ ವಿಧಿಪೂರ್ವಕವಾಗಿ ಒಪ್ಪಿಸಿಕೊಡಲಾಗುತ್ತದೆ. ಈಸ್ಟರ್ ಜಾಗರಣೆಯ ರಾತ್ರಿ, ಹೊಸ ಬೆಂಕಿಯಿಂದ ಹೊತ್ತಿಸಿದ ಮೋಂಬತ್ತಿಯ ಬೆಳಕಿನಲ್ಲಿ ಅವರು ದೀಕ್ಷಾಸ್ನಾನ, ದೃಢೀಕರಣ ಮತ್ತು ಪರಮಪ್ರಸಾದಗಳನ್ನು ಒಟ್ಟಿಗೆ ಪಡೆಯುತ್ತಾರೆ. ನಂತರದ ಐವತ್ತು ದಿನಗಳು ಪಡೆದುದನ್ನು ಮನನ ಮಾಡಿಕೊಳ್ಳುವ ಕಾಲ.

ದೀಕ್ಷಾರ್ಥಿಗೆ ಧರ್ಮಸಭೆಯಲ್ಲಿ ಅಧಿಕೃತ ಸ್ಥಾನವಿದೆ. ದೀಕ್ಷೆಗೆ ಮುನ್ನವೇ ತೀರಿಕೊಂಡರೆ, ಅಂತ್ಯಕ್ರಿಯೆಯ ವಿಷಯದಲ್ಲಿ ಅವರನ್ನು ವಿಶ್ವಾಸಿಗಳಲ್ಲಿ ಒಬ್ಬರೆಂದೇ ಪರಿಗಣಿಸಬೇಕೆಂದು 1983ರ ಧರ್ಮಸಭಾ ಕಾನೂನಿನ 1183ನೆಯ ವಿಧಿ ಹೇಳುತ್ತದೆ. ಬೇರೊಂದು ಕ್ರೈಸ್ತ ಸಭೆಯಲ್ಲಿ ವಿಧಿವತ್ತಾಗಿ ದೀಕ್ಷೆ ಪಡೆದು ಬಂದವರು ದೀಕ್ಷಾರ್ಥಿಗಳಲ್ಲ; ಅವರಿಗೆ ಮತ್ತೆ ದೀಕ್ಷಾಸ್ನಾನ ನೀಡುವುದಿಲ್ಲ. ಈ ವ್ಯತ್ಯಾಸವನ್ನು ಕಡೆಗಣಿಸಿ ಎರಡೂ ಗುಂಪುಗಳನ್ನು ಒಂದಾಗಿ ನಡೆಸಿಕೊಳ್ಳುವುದು ಗೊಂದಲಕ್ಕೆ ಕಾರಣವಾಗಿದೆ.

ಭಾರತದಲ್ಲಿ ಮಹಾಸಭೆಯ ನಂತರದ ಆರಾಧನೆ ಮತ್ತು ಧರ್ಮಶಿಕ್ಷಣದ ನವೀಕರಣಕ್ಕೆ ಬೆಂಗಳೂರು ಒಂದು ಕೇಂದ್ರವಾಯಿತು. ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ 1967ರಲ್ಲಿ ಅಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮಶಿಕ್ಷಣ ಮತ್ತು ಆರಾಧನಾ ಕೇಂದ್ರವು ದೇಶದ ನಾನಾ ಭಾಗಗಳ ಧರ್ಮಶಿಕ್ಷಕರಿಗೆ ತರಬೇತಿ ನೀಡಿತು.

ಆರಾಧನೆಯಲ್ಲಿ ಹೊಸಬರು

ತಪಸ್ಸುಕಾಲದಲ್ಲಿ ಮೊದಲ ಬಾರಿಗೆ ಕಥೋಲಿಕ ದೇವಾಲಯಕ್ಕೆ ಬರುವವರು ವರ್ಷದ ಬೇರೆ ದಿನಗಳಿಗಿಂತ ಭಿನ್ನವಾದ ಆರಾಧನೆಯನ್ನು ಕಾಣುತ್ತಾರೆ. ಗುರುಗಳ ಉಡುಪು ನೇರಳೆ ಬಣ್ಣದ್ದು. ನಾಲ್ಕನೆಯ ಭಾನುವಾರ ಮಾತ್ರ ಗುಲಾಬಿ ಬಣ್ಣ ಬಳಸಬಹುದು. ಪೀಠಕ್ಕೆ ಹೂವಿನ ಅಲಂಕಾರವಿರುವುದಿಲ್ಲ, 'ಅಲ್ಲೆಲೂಯ' ಹಾಡುವುದಿಲ್ಲ. ಶುಕ್ರವಾರಗಳಲ್ಲಿ ಹದಿನಾಲ್ಕು ಸ್ಥಳಗಳ ಶಿಲುಬೆಯ ಹಾದಿಯ ಪ್ರಾರ್ಥನೆ ನಡೆಯುತ್ತದೆ. ವಿಭೂತಿ ಬುಧವಾರದ ಬೂದಿ ಸಂಸ್ಕಾರವಲ್ಲವಾದುದರಿಂದ ದೀಕ್ಷೆ ಪಡೆಯದವರೂ ಅದನ್ನು ಹಣೆಗೆ ಹಚ್ಚಿಸಿಕೊಳ್ಳಬಹುದು. ಪರಮಪ್ರಸಾದಕ್ಕೆ ಈ ಮುಕ್ತತೆ ಇಲ್ಲ. ಪೋಪ್ ಆರನೆಯ ಪೌಲರು 1966ರಲ್ಲಿ ಉಪವಾಸದ ನಿಯಮಗಳನ್ನು ಸಡಿಲಿಸಿದ ಮೇಲೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಮಾತ್ರ ಉಪವಾಸ ಕಡ್ಡಾಯ.

ದೈವವಾಕ್ಯದ ಓದು ಮತ್ತು ಪ್ರಬೋಧನೆಯ ನಂತರ ದೀಕ್ಷಾರ್ಥಿಗಳನ್ನು ಬಲಿಪೂಜೆಯ ಉಳಿದ ಭಾಗಕ್ಕೆ ಮುನ್ನ ಕಳುಹಿಸಿಕೊಡುವ ಪುರಾತನ ಪದ್ಧತಿಯನ್ನು ಹೊಸ ವಿಧಿಯೂ ಉಳಿಸಿಕೊಂಡಿದೆ. ಸ್ವಾಗತಿಸಬೇಕಾದವರನ್ನೇ ಹೊರಗೆ ಕಳುಹಿಸುವುದು ಇಂದಿನ ಮನೋಭಾವಕ್ಕೆ ಒಗ್ಗುವುದಿಲ್ಲವೆಂಬ ಆಕ್ಷೇಪವಿದೆ. ಅವರು ಧರ್ಮಶಿಕ್ಷಕರೊಡನೆ ಬೇರೆಡೆ ಕುಳಿತು ಅಂದಿನ ಓದಿನ ಮೇಲೆ ಚರ್ಚಿಸುವುದಕ್ಕಾಗಿ ಈ ಕ್ರಮವಿದೆ ಎಂಬುದು ಸಮರ್ಥಕರ ಉತ್ತರ. ಗಂಭೀರ ಕಾರಣವಿದ್ದರೆ ಅವರನ್ನು ಒಳಗೇ ಉಳಿಸಿಕೊಳ್ಳಲು ವಿಧಿಯಲ್ಲಿಯೇ ಅವಕಾಶವಿದೆ.

ಇತರ ಸಭೆಗಳಲ್ಲಿ

ಪ್ರೊಟೆಸ್ಟೆಂಟ್ ಸುಧಾರಣೆಯ ಕಾಲದಲ್ಲಿ ತಪಸ್ಸುಕಾಲವೇ ವಿವಾದಕ್ಕೆ ಗುರಿಯಾಯಿತು. 1522ರ ತಪಸ್ಸುಕಾಲದಲ್ಲಿ ಜೂರಿಕ್‌ನ ಮುದ್ರಕ ಫ್ರೋಷೌವರ್ ಮನೆಯಲ್ಲಿ ಕೆಲವರು ಮಾಂಸದ ಸಾಸೇಜ್ ತಿಂದಾಗ, ಜ್ವಿಂಗ್ಲಿ ಅವರ ಪರವಾಗಿ ನಿಂತು, ಬೈಬಲ್ ಆಜ್ಞಾಪಿಸದ ಉಪವಾಸವನ್ನು ಕಡ್ಡಾಯಗೊಳಿಸಲಾಗದೆಂದು ಬೋಧಿಸಿದರು. ಲೂಥರನ್ ಮತ್ತು ಆಂಗ್ಲಿಕನ್ ಸಭೆಗಳು ಈ ಕಾಲವನ್ನು ಉಳಿಸಿಕೊಂಡವು. ಆಂಗ್ಲಿಕನ್ನರ 1662ರ ಪ್ರಾರ್ಥನಾ ಪುಸ್ತಕದಲ್ಲಿ ವಯಸ್ಕರ ದೀಕ್ಷಾಸ್ನಾನಕ್ಕೆ ಪ್ರತ್ಯೇಕ ಕ್ರಮ ಸೇರಿತು. ಅಮೆರಿಕದ ಎಪಿಸ್ಕೋಪಲ್ ಸಭೆಯ 1979ರ ಪ್ರಾರ್ಥನಾ ಪುಸ್ತಕವು, ತಪಸ್ಸುಕಾಲವು ಹೊಸ ವಿಶ್ವಾಸಿಗಳನ್ನು ದೀಕ್ಷೆಗೆ ಸಿದ್ಧಗೊಳಿಸುವ ಮತ್ತು ಸಭೆಯಿಂದ ಬೇರ್ಪಟ್ಟವರನ್ನು ಮರಳಿ ಸೇರಿಸಿಕೊಳ್ಳುವ ಕಾಲವಾಗಿತ್ತೆಂಬುದನ್ನು ವಿಭೂತಿ ಬುಧವಾರದಂದು ನೆನಪಿಸುತ್ತದೆ. 1947ರಲ್ಲಿ ಹಲವು ಪರಂಪರೆಗಳು ಒಂದುಗೂಡಿ ರೂಪುಗೊಂಡ ದಕ್ಷಿಣ ಭಾರತ ಸಭೆಯ ಕರ್ನಾಟಕದ ಸಭೆಗಳೂ ತಪಸ್ಸುಕಾಲವನ್ನು ಆಚರಿಸುತ್ತವೆ.

ಇತ್ತೀಚಿನ ಬೆಳವಣಿಗೆ

ಶಿಶುದೀಕ್ಷೆ ಕಡಿಮೆಯಾಗುತ್ತಿರುವ ಯುರೋಪಿನಲ್ಲಿ ವಯಸ್ಕ ದೀಕ್ಷಾರ್ಥಿಗಳು ಮತ್ತೆ ಗಮನ ಸೆಳೆದಿದ್ದಾರೆ. ಫ್ರಾನ್ಸಿನ ಕಥೋಲಿಕ ಬಿಷಪರ ಮಂಡಳಿಯ ಲೆಕ್ಕದಂತೆ 2024ರ ಈಸ್ಟರ್‌ನಲ್ಲಿ 7,135 ವಯಸ್ಕರು, 2025ರ ಈಸ್ಟರ್‌ನಲ್ಲಿ 10,384 ವಯಸ್ಕರು ದೀಕ್ಷೆ ಪಡೆದರು. ಇವರಲ್ಲಿ ಯುವಜನರ ಪ್ರಮಾಣ ಹೆಚ್ಚು. ಕೆಲವರು ಯಾವ ಧಾರ್ಮಿಕ ಹಿನ್ನೆಲೆಯೂ ಇಲ್ಲದ ಕುಟುಂಬಗಳಿಂದ ಬಂದವರು. ದೀಕ್ಷೆಯ ನಂತರ ಅವರಲ್ಲಿ ಒಂದು ಭಾಗ ಸ್ಥಳೀಯ ಸಭೆಯಲ್ಲಿ ನೆಲೆನಿಲ್ಲದೆ ಕ್ರಮೇಣ ಕಾಣೆಯಾಗುವುದು ಅಲ್ಲಿನ ಧರ್ಮಶಿಕ್ಷಕರ ಚಿಂತೆಯಾಗಿದೆ. ಆದ್ದರಿಂದ ಈಸ್ಟರ್ ನಂತರದ ಐವತ್ತು ದಿನಗಳಲ್ಲಿ, ಮತ್ತು ಮುಂದೆಯೂ, ಅವರ ಜೊತೆಗೆ ಒಬ್ಬೊಬ್ಬ ಜ್ಞಾನಪಿತ ಅಥವಾ ಜ್ಞಾನಮಾತೆ ಇರುವಂತೆ ನೋಡಿಕೊಳ್ಳುವುದಕ್ಕೆ ಒತ್ತು ನೀಡಲಾಗುತ್ತಿದೆ.